ವಿಧಿವಿಜ್ಞಾನದಲ್ಲಿ ಒಂದು ಸ್ವಂತ ಸಂಶೋಧನೆ



ನಮ್ಮ ವಿಜ್ಞಾನ ಕಾರ್ಯಕ್ರಮಗಳಿಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ತುಮಕೂರು ತಾಲ್ಲೂಕಿನ ಕೋರ ಹೋಬಳಿಯಿಂದ ದಿನವೂ ಬಸ್ಸಿನಲ್ಲಿ ಪಟ್ಟಣಕ್ಕೆ ಬಂದು ಬಿ.ಎಸ್ಸಿ. ಓದುವ ವಿದ್ಯಾರ್ಥಿನಿಯೊಬ್ಬಳು ಅದನ್ನು ಬಹಳ ನೇರವಾಗಿ ಕೇಳಿದ್ದಾಳೆ: "ಸರ್, ನನಗೆ ಫೊರೆನ್ಸಿಕ್ ವಿಜ್ಞಾನದಲ್ಲಿ ಆಸಕ್ತಿ. ನಮ್ಮ ಕಾಲೇಜಿನಲ್ಲಿ ಆ ವಿಭಾಗ ಇಲ್ಲ. ನಾನೇ ಸ್ವತಂತ್ರವಾಗಿ ಒಂದು ಸಂಶೋಧನಾ ಪ್ರಾಜೆಕ್ಟ್ ಮಾಡಬಹುದೇ?" ಮಾಡಬಹುದು ಎಂಬುದು ನನ್ನ ಉತ್ತರ. ಹೇಗೆ, ಎಲ್ಲಿಂದ ಪ್ರಾರಂಭಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಇಂದಿನ ಈ ಭಾಷಣದಲ್ಲಿ ನೋಡೋಣ.

ವಿಧಿವಿಜ್ಞಾನ ಎಂದರೇನು?

ನ್ಯಾಯಾಲಯದ ಮುಂದೆ ಬರುವ ಪ್ರಶ್ನೆಗೆ ವಿಜ್ಞಾನದ ವಿಧಾನದಿಂದ ಉತ್ತರ ಹುಡುಕುವುದೇ ವಿಧಿವಿಜ್ಞಾನ. ಇದು ಪ್ರತ್ಯೇಕವಾದ ಒಂದೇ ವಿಜ್ಞಾನವಲ್ಲ. ರಸಾಯನವಿಜ್ಞಾನ, ಭೌತವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ, ಸಂಖ್ಯಾವಿಜ್ಞಾನ ಇವೆಲ್ಲವೂ ಇಲ್ಲಿ ದುಡಿಯುತ್ತವೆ. ಆದ್ದರಿಂದ ನಿಮ್ಮ ಕಾಲೇಜಿನಲ್ಲಿ ಫೊರೆನ್ಸಿಕ್ ಎಂಬ ಫಲಕ ತೂಗುಹಾಕಿದ ಕೊಠಡಿ ಇಲ್ಲದಿದ್ದರೂ ಅದರ ಮೂಲಸಾಮಗ್ರಿ ಇದ್ದೇ ಇದೆ.

ಇದರ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಲಿದೆ. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಅಚ್ಚು ತೆಗೆದುಕೊಂಡ. ಬೆರಳಚ್ಚುಗಳನ್ನು ವರ್ಗೀಕರಿಸಿ ಸಾವಿರಾರು ಕಾರ್ಡುಗಳ ನಡುವೆ ಬೇಕಾದ ಒಂದನ್ನು ಹುಡುಕಿ ತೆಗೆಯುವ ಕ್ರಮಕ್ಕೆ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಂದರೂ, ಅದರ ಲೆಕ್ಕಾಚಾರವನ್ನು ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಮುಖ್ಯರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗವೇ ಸ್ಥಾಪನೆಯಾಯಿತು. ಮುಂದೆ 1910ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಎಡ್ಮಂಡ್ ಲೊಕಾರ್ಡ್ ಪೊಲೀಸ್ ಪ್ರಯೋಗಾಲಯವನ್ನು ಆರಂಭಿಸಿದ. ಎರಡು ವಸ್ತುಗಳು ಪರಸ್ಪರ ತಾಗಿದಾಗ ಒಂದರ ಕಣ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ ಎಂಬ ಅವನ ವಿಚಾರವೇ ಇಂದಿಗೂ ಈ ಶಾಸ್ತ್ರದ ತಳಹದಿ. ಅಡಿಕೆ ತೋಟದಲ್ಲಿ ನಡೆದು ಬಂದವನ ಚಪ್ಪಲಿಯಲ್ಲಿ ತೋಟದ ಮಣ್ಣಿರುತ್ತದೆ, ತೋಟದಲ್ಲಿ ಅವನ ಹೆಜ್ಜೆ ಉಳಿದಿರುತ್ತದೆ. ಇದಿಷ್ಟೇ ಅದರ ಸಾರ.

ನಮ್ಮ ರಾಜ್ಯದ ಒಂದು ಪ್ರಸಂಗವನ್ನು ನೋಡಿ. 1991ರಲ್ಲಿ ಬೆಂಗಳೂರಿನಲ್ಲಿ ಶಾಕಿರಾ ಖಲೀಲಿ ಎಂಬ ಮಹಿಳೆ ಕಾಣೆಯಾದರು. 1994ರ ಮಾರ್ಚ್ ತಿಂಗಳಲ್ಲಿ ಅವರದೇ ಮನೆಯ ಅಂಗಳವನ್ನು ಅಗೆದಾಗ ಅಸ್ಥಿಪಂಜರ ಸಿಕ್ಕಿತು. ಅದು ಅವರದೇ ಎಂದು ಹೇಳುವುದು ಹೇಗೆ? ತಲೆಬುರುಡೆಯ ಚಿತ್ರವನ್ನೂ ಅವರ ಭಾವಚಿತ್ರವನ್ನೂ ಒಂದರ ಮೇಲೊಂದು ಇಟ್ಟು ಹೋಲಿಸಲಾಯಿತು. ಡಿ.ಎನ್.ಎ. ಪರೀಕ್ಷೆಯೂ ನಡೆಯಿತು. ಅಗೆತದ ಕೆಲಸವನ್ನು ವಿಡಿಯೋದಲ್ಲಿ ದಾಖಲಿಸಲಾಗಿತ್ತು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2008ರಲ್ಲಿ ಶಿಕ್ಷೆ ಅಂತಿಮವಾಯಿತು. ಕ್ಯಾಮೆರಾ ಹಿಡಿದು ಬದುಕುವ ನನ್ನಂಥವನಿಗೆ ಈ ಪ್ರಸಂಗದಲ್ಲಿ ಒಂದು ಪಾಠವಿದೆ. ಟಿ.ವಿ. ಕಾರ್ಯಕ್ರಮಕ್ಕೆ ನಾವು ಚಿತ್ರವನ್ನು ಕತ್ತರಿಸಿ ಜೋಡಿಸುತ್ತೇವೆ. ಸಾಕ್ಷ್ಯದ ಚಿತ್ರವನ್ನು ಹಾಗೆ ಮಾಡುವಂತಿಲ್ಲ. ಅಂದವಾದದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ನಿಮ್ಮ ಪ್ರಾಜೆಕ್ಟಿನ ನೋಟ್‌ಬುಕ್ಕಿಗೂ ಇದೇ ನಿಯಮ.

ವಿದ್ಯಾರ್ಥಿ ಏನು ಮಾಡಬಹುದು, ಏನು ಮಾಡಬಾರದು?

ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ನಿಜವಾದ ಅಪರಾಧದ ಸ್ಥಳಕ್ಕೆ ಹೋಗುವುದು, ಪ್ರಕರಣದ ವಸ್ತುಗಳನ್ನು ಮುಟ್ಟುವುದು, ಊರಿನಲ್ಲಿ ನಡೆದ ಕಳ್ಳತನವನ್ನು ತಾವೇ ಪತ್ತೆಹಚ್ಚಲು ಹೊರಡುವುದು ವಿದ್ಯಾರ್ಥಿಯ ಕೆಲಸವಲ್ಲ. ಸಾಕ್ಷ್ಯವಸ್ತುವು ಸ್ಥಳದಿಂದ ಪ್ರಯೋಗಾಲಯಕ್ಕೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಗುವ ದಾರಿಯಲ್ಲಿ ಯಾರ ಯಾರ ಕೈ ದಾಟಿತು ಎಂಬುದಕ್ಕೆ ಲೆಕ್ಕ ಇರಬೇಕು. ಆ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸಾಕ್ಷ್ಯದ ಬೆಲೆ ಕಡಿಮೆಯಾಗುತ್ತದೆ.

ಹಾಗಾದರೆ ಮಾಡಬಹುದಾದದ್ದು ಯಾವುದು? ಪ್ರಕರಣವನ್ನು ಬಿಡಿ, ವಿಧಾನವನ್ನು ಹಿಡಿಯಿರಿ. "ಈ ಬೆರಳಚ್ಚು ಯಾರದು?" ಎಂದು ಕೇಳುವುದು ಪರಿಣತರ ಕೆಲಸ. "ಇಂಥ ಮೇಲ್ಮೈಯ ಮೇಲೆ ಬೆರಳಚ್ಚು ಎಷ್ಟು ದಿನ ಉಳಿಯುತ್ತದೆ?" ಎಂದು ಕೇಳುವುದು ಪದವಿ ವಿದ್ಯಾರ್ಥಿಯೂ ಮಾಡಬಹುದಾದ ಸಂಶೋಧನೆ. ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲದೆ ಮೊದಲನೆಯದಕ್ಕೆ ಗಟ್ಟಿಯಾದ ಉತ್ತರ ಸಿಗುವುದಿಲ್ಲ ಎಂಬುದನ್ನೂ ಗಮನಿಸಿ.

ಸ್ವತಂತ್ರ ಸಂಶೋಧನೆ ಎಂದರೆ ಒಂಟಿ ಸಂಶೋಧನೆ ಎಂದು ತಿಳಿಯಬೇಡಿ. ಪ್ರಶ್ನೆ ನಿಮ್ಮದು, ಯೋಜನೆ ನಿಮ್ಮದು, ಎಣಿಕೆ ನಿಮ್ಮದು. ಆದರೆ ಪ್ರಯೋಗಾಲಯದಲ್ಲಿ ಮಾರ್ಗದರ್ಶನ ಮಾಡುವ ಒಬ್ಬ ಅಧ್ಯಾಪಕರು ಬೇಕೇ ಬೇಕು. ಅವರು ವಿಧಿವಿಜ್ಞಾನದ ಪರಿಣತರೇ ಆಗಬೇಕಿಲ್ಲ. ಸಸ್ಯವಿಜ್ಞಾನದ ಅಥವಾ ರಸಾಯನವಿಜ್ಞಾನದ ಅಧ್ಯಾಪಕರ ಬಳಿ ಹೋಗಿ, "ನನ್ನ ಪ್ರಶ್ನೆ ಇದು, ನನಗೆ ಸೂಕ್ಷ್ಮದರ್ಶಕ ವಾರಕ್ಕೆ ಎರಡು ಮಧ್ಯಾಹ್ನ ಬೇಕು" ಎಂದು ಒಂದು ಪುಟದಲ್ಲಿ ಬರೆದುಕೊಡಿ. ಬರೀ ಆಸಕ್ತಿ ಇದೆ ಎಂದು ಹೇಳುವವರಿಗಿಂತ, ಬೇಕಾದದ್ದನ್ನು ಬರೆದುಕೊಟ್ಟವರಿಗೆ ಬಾಗಿಲು ಬೇಗ ತೆರೆಯುತ್ತದೆ.

ಪ್ರಶ್ನೆ ನಿಮ್ಮ ಊರಿನಲ್ಲೇ ಇದೆ

ಪ್ರಾಜೆಕ್ಟ್ ಮಾಡಲು ಹೊರಟ ಹಲವರು ಎಡವುವುದು ವಿಷಯದ ಆಯ್ಕೆಯಲ್ಲಿ. "ಅರಿಶಿನದ ಪುಡಿಯಿಂದ ಬೆರಳಚ್ಚು ಮೂಡಿಸುವುದು" ಎಂಬ ವಿಷಯ ಆಕರ್ಷಕವಾಗಿಯೇ ಇದೆ. ಆದರೆ ಅದನ್ನು ಈಗಾಗಲೇ ಅನೇಕರು ಮಾಡಿ ಪ್ರಕಟಿಸಿದ್ದಾರೆ. ಮತ್ತೆ ಅದನ್ನೇ ಮಾಡಿದರೆ ಅದು ಅಭ್ಯಾಸವಾಗುತ್ತದೆ, ಸಂಶೋಧನೆಯಾಗುವುದಿಲ್ಲ. ಆದ್ದರಿಂದ ಮೊದಲ ತಿಂಗಳನ್ನು ಓದಿಗೆ ಮೀಸಲಿಡಿ. ಹಿಂದಿನವರು ಎಲ್ಲಿಯವರೆಗೆ ಬಂದಿದ್ದಾರೆ ಎಂದು ತಿಳಿದ ಮೇಲೆ, ಅವರ ಕೈಗೆ ಸಿಗದ ಯಾವ ವಸ್ತು ನಿಮ್ಮ ಊರಿನಲ್ಲಿದೆ ಎಂದು ಕೇಳಿಕೊಳ್ಳಿ.

ಕೋರ, ಗುಬ್ಬಿ, ಕುಣಿಗಲ್ ಭಾಗದಲ್ಲಿ ಅಂಥದ್ದು ಬೇಕಾದಷ್ಟಿದೆ. ಅಡಿಕೆ, ತೆಂಗಿನ ತೋಟಗಳಿವೆ, ರಾಗಿ ಹೊಲಗಳಿವೆ, ಹಳೆಯ ಕೆರೆಗಳಿವೆ, ಹೊಸ ಕೃಷಿಹೊಂಡಗಳಿವೆ. ಕೋರದ ಹತ್ತಿರದಲ್ಲೇ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. ಇವುಗಳಿಂದ ಎರಡು ಉದಾಹರಣೆಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದು: ಅಡಿಕೆ ಸುಲಿಯುವವರ ಬೆರಳು

ಬೆರಳ ತುದಿಯ ಗೆರೆಗಳು ತಾಯಿಯ ಗರ್ಭದಲ್ಲೇ ಮೂಡುತ್ತವೆ, ಜೀವನಪೂರ್ತಿ ಅವುಗಳ ವಿನ್ಯಾಸ ಬದಲಾಗುವುದಿಲ್ಲ. ನಮ್ಮ ಅಜ್ಜಿಯರು ಶಂಖ ಎಷ್ಟು, ಚಕ್ರ ಎಷ್ಟು ಎಂದು ಎಣಿಸುತ್ತಿದ್ದದ್ದು ಇವನ್ನೇ. ವಿನ್ಯಾಸ ಬದಲಾಗದಿದ್ದರೂ ಗೆರೆಗಳ ಎತ್ತರ ಸವೆಯಬಹುದು. ಕಲ್ಲು, ಮಣ್ಣು, ಸುಣ್ಣ, ಸಿಮೆಂಟಿನಲ್ಲಿ ದುಡಿಯುವವರಿಗೆ ಇದು ಅನುಭವದ ಮಾತು. ಪಡಿತರ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳಿಟ್ಟು, "ತಗೊಳ್ತಾ ಇಲ್ಲ ಕಣಮ್ಮ, ಕೈ ಒರೆಸಿಕೊಂಡು ಇನ್ನೊಂದು ಸಲ ಇಡು" ಎಂದು ಹೇಳಿಸಿಕೊಂಡವರು ನಿಮ್ಮ ಬೀದಿಯಲ್ಲೇ ಇರಬಹುದು. ಒಂದು ಕಾಲದಲ್ಲಿ ಓದು ಬಾರದವರ ಗುರುತಾಗಿದ್ದ ಹೆಬ್ಬೆಟ್ಟು ಇಂದು ಎಲ್ಲರ ಗುರುತೂ ಆಗಿದೆ. ಅದು ಓದದೇ ಹೋದರೆ ಅಕ್ಕಿಗೆ ತೊಡಕು.

ಈಗ ಪ್ರಶ್ನೆಯನ್ನು ಹೀಗೆ ಕಟ್ಟಿಕೊಳ್ಳಿ: ಹಂಗಾಮಿನಲ್ಲಿ ದಿನವೆಲ್ಲ ಅಡಿಕೆ ಸುಲಿಯುವವರ ಬೆರಳಚ್ಚಿನ ಸ್ಪಷ್ಟತೆ ಕಡಿಮೆಯಾಗುತ್ತದೆಯೇ? ಆದರೆ ಯಾವ ಬೆರಳಿನಲ್ಲಿ? ಕೆಲಸ ನಿಂತ ಮೇಲೆ ಎಷ್ಟು ವಾರಗಳಲ್ಲಿ ಅದು ಮರಳಿ ಬರುತ್ತದೆ?

ಪ್ರಾರಂಭದಲ್ಲಿ ಶಾಯಿ, ಕಾಗದ ಹಿಡಿದುಕೊಂಡು ಹೋಗಬೇಡಿ. ಎರಡು ದಿನ ಸುಲಿಯುವವರ ಪಕ್ಕದಲ್ಲಿ ಕುಳಿತು ನೋಡಿ. ಕಾಯಿಯನ್ನು ಯಾವ ಬೆರಳಿನಿಂದ ಒತ್ತುತ್ತಾರೆ, ಕತ್ತಿ ಎಲ್ಲಿರುತ್ತದೆ, ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆಯೇ, ಕೈಗೆ ಅಡಿಕೆಯ ಚೊಗರು ಅಂಟದಂತೆ ಏನು ಹಚ್ಚುತ್ತಾರೆ, ಸಂಜೆ ಕೈ ತೊಳೆಯಲು ಏನು ಬಳಸುತ್ತಾರೆ. ಇವೆಲ್ಲವೂ ನಿಮ್ಮ ಯೋಜನೆಯನ್ನು ಬದಲಿಸುವ ಸಂಗತಿಗಳು. ನೋಡದೆ ಕಟ್ಟಿದ ಯೋಜನೆ ಹೊಲ ನೋಡದೆ ಬಿತ್ತಿದ ಬೀಜದಂತೆ.

ಆಮೇಲೆ ಹೋಲಿಕೆ. ಸುಲಿಯುವವರ ಅಚ್ಚು ಮಸುಕಾಗಿದೆ ಎಂದರೆ ಸಾಲದು, ಯಾರಿಗಿಂತ ಮಸುಕು ಎಂದು ಹೇಳಬೇಕು. ವಯಸ್ಸಾದಂತೆ ಎಲ್ಲರ ಗೆರೆಯೂ ಮಸುಕಾಗುತ್ತದೆ. ಆದ್ದರಿಂದ 30 ಜನ ಸುಲಿಯುವವರನ್ನು ತೆಗೆದುಕೊಂಡರೆ, ಅದೇ ವಯಸ್ಸಿನ, ಆ ಕೆಲಸ ಮಾಡದ ಇನ್ನೂ 30 ಜನ ಬೇಕು. ಇನ್ನೊಂದು ಉಪಾಯವಿದೆ. ಒಬ್ಬರದೇ ಹೆಬ್ಬೆರಳನ್ನೂ ಕಿರುಬೆರಳನ್ನೂ ಹೋಲಿಸಿ. ಕಿರುಬೆರಳಿಗೆ ದುಡಿತ ಕಡಿಮೆ. ಸುಲಿಯುವವರಲ್ಲಿ ಈ ಎರಡು ಬೆರಳುಗಳ ನಡುವಿನ ಅಂತರ, ಸುಲಿಯದವರಲ್ಲಿರುವ ಅಂತರಕ್ಕಿಂತ ಹೆಚ್ಚಿದ್ದರೆ ಕೆಲಸದ ಪರಿಣಾಮ ಇದೆ ಎಂದು ಹೇಳಲು ಆಧಾರ ಸಿಕ್ಕಂತಾಯಿತು.

ಸ್ಪಷ್ಟತೆಯನ್ನು ಅಳೆಯುವುದು ಹೇಗೆ? 0 ಎಂದರೆ ಏನೂ ಕಾಣದು, 4 ಎಂದರೆ ಗೆರೆಗಳೆಲ್ಲ ಸ್ವಚ್ಛ ಎಂಬ ಐದು ಮೆಟ್ಟಿಲಿನ ಅಳತೆಯನ್ನು ಬೆರಳಚ್ಚು ಸಂಶೋಧಕರು ಬಳಸುತ್ತಾರೆ. ಆದರೆ ಅಂಕ ಕೊಡುವವರು ನೀವಾಗಬೇಡಿ. ಅಚ್ಚುಗಳನ್ನು ಕಲಸಿ, ಹಿಂಬದಿಯಲ್ಲಿ ಸಂಕೇತ ಮಾತ್ರ ಬರೆದು, ಯಾವುದು ಯಾರದೆಂದು ಗೊತ್ತಿಲ್ಲದ ಇಬ್ಬರು ಸ್ನೇಹಿತರಿಂದ ಬೇರೆ ಬೇರೆಯಾಗಿ ಅಂಕ ಹಾಕಿಸಿ. ಇಬ್ಬರ ಅಂಕಗಳು ಎಷ್ಟು ಸಲ ಕೂಡಿಬಂದವು ಎಂಬುದನ್ನೂ ವರದಿಯಲ್ಲಿ ಬರೆಯಿರಿ. ಉತ್ತರ ಗೊತ್ತಿರುವ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಎಚ್ಚರಿಕೆಯ ಒಂದು ಮಾತು. ಬೆರಳಚ್ಚು ಒಬ್ಬರ ಸ್ವತ್ತು. ಅದನ್ನು ತೆಗೆದುಕೊಳ್ಳುವ ಮೊದಲು ಏಕೆ, ಏನು, ಯಾರು ನೋಡುತ್ತಾರೆ ಎಂದು ಅವರ ಮಾತಿನಲ್ಲೇ ವಿವರಿಸಿ ಒಪ್ಪಿಗೆ ಪಡೆಯಿರಿ. ಬೇಡ ಎಂದರೆ ನಮಸ್ಕಾರ ಹೇಳಿ ಬನ್ನಿ. ಹೆಸರು ಬರೆಯಬೇಡಿ, ಸಂಕೇತ ಸಾಕು. ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದು ಸ್ನೇಹಿತರಿಗೆ ಕಳಿಸಬೇಡಿ. ಕೆಲಸ ಮುಗಿದ ಮೇಲೆ ಮೂಲ ಅಚ್ಚುಗಳನ್ನು ಅಧ್ಯಾಪಕರ ಎದುರಿನಲ್ಲಿ ನಾಶಮಾಡಿ. ಕಾಲೇಜಿನಲ್ಲಿ ನೈತಿಕ ಪರಿಶೀಲನಾ ಸಮಿತಿ ಇದ್ದರೆ ಅದರ ಅನುಮತಿ ಮೊದಲೇ ಪಡೆಯಿರಿ. ಇಲ್ಲದಿದ್ದರೆ ಪ್ರಾಂಶುಪಾಲರ ಲಿಖಿತ ಅನುಮತಿಯಾದರೂ ಇರಲಿ.

ಎರಡನೆಯದು: ಕೆರೆಯ ನೀರಿನ ಗುರುತು

ಕೆರೆಯಲ್ಲಿ, ಬಾವಿಯಲ್ಲಿ, ಕೃಷಿಹೊಂಡದಲ್ಲಿ ಸಾವು ಸಂಭವಿಸಿದ ಸುದ್ದಿ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ಒಣಭೂಮಿಯ ರೈತರಿಗೆ ಹೊಂಡಗಳು ಬಂದವು, ಬೆಳೆಗೆ ನೀರೂ ಬಂತು. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಕಾಲು ಜಾರಿದರೆ ಹತ್ತಿ ಬರುವುದು ಕಷ್ಟ. ನೀರಿನಲ್ಲಿ ದೇಹ ಸಿಕ್ಕಾಗ ಮನೆಯವರನ್ನೂ ಪೊಲೀಸರನ್ನೂ ಕಾಡುವ ಪ್ರಶ್ನೆ ಒಂದೇ: ಈ ವ್ಯಕ್ತಿ ನೀರಿನಲ್ಲಿ ಮುಳುಗಿ ಸತ್ತರೇ, ಅಥವಾ ಸತ್ತ ಮೇಲೆ ನೀರಿಗೆ ಬಿದ್ದರೇ? ಮಗಳನ್ನು ಕಳೆದುಕೊಂಡ ತಾಯಿಗೆ ಈ ಉತ್ತರಕ್ಕಿಂತ ದೊಡ್ಡದು ಬೇರೆ ಇಲ್ಲ. ಆರೋಪ ಹೊತ್ತವನಿಗೂ ಹಾಗೆಯೇ.

ಇಲ್ಲಿ ನೆರವಿಗೆ ಬರುವುದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಇದರ ಚಿಪ್ಪು ಗಾಜಿನ ಮೂಲವಸ್ತುವಾದ ಸಿಲಿಕಾದಿಂದ ಆದದ್ದು. ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ಸೂಕ್ಷ್ಮದರ್ಶಕದಲ್ಲಿ ಒಂದೊಂದು ಜಾತಿಗೂ ಒಂದೊಂದು ಕುಸುರಿ. ಜೀವವಿರುವ ಮನುಷ್ಯ ಮುಳುಗುವಾಗ ನೀರನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಾನೆ. ಅದರೊಂದಿಗೆ ಬಂದ ಡಯಾಟಮ್‌ಗಳಲ್ಲಿ ಕೆಲವು ರಕ್ತಕ್ಕೆ ಸೇರಿ, ಹೃದಯ ಬಡಿಯುತ್ತಿರುವವರೆಗೂ ಹರಿದು, ಮೂಳೆಯ ಮಜ್ಜೆಯವರೆಗೆ ತಲುಪಬಹುದು. ಹೃದಯ ಮೊದಲೇ ನಿಂತಿದ್ದರೆ ಆ ಪ್ರಯಾಣ ನಡೆಯದು. ಆದ್ದರಿಂದ ಶವಪರೀಕ್ಷೆಯ ನಂತರ ಎದೆಮೂಳೆಯನ್ನೋ ತೊಡೆಮೂಳೆಯನ್ನೋ, ಜೊತೆಗೆ ಸ್ಥಳದ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸುವುದುಂಟು. ಮಜ್ಜೆಯಲ್ಲಿ ಸಿಕ್ಕ ಜಾತಿಗಳು ಆ ನೀರಿನಲ್ಲಿರುವವುಗಳೇ ಎಂದು ಹೋಲಿಸುತ್ತಾರೆ.

ಈ ಪರೀಕ್ಷೆಯ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಮುಳುಗಿ ಸತ್ತವರಲ್ಲೂ ಕೆಲವೊಮ್ಮೆ ಡಯಾಟಮ್ ಸಿಗುವುದಿಲ್ಲ. ಮುಳುಗದವರ ದೇಹದಲ್ಲೂ ಕೆಲವೊಮ್ಮೆ ಸಿಕ್ಕಿದೆ. ಪ್ರಯೋಗಾಲಯದ ನೀರಿನಿಂದ, ಗಾಜಿನ ಪಾತ್ರೆಯಿಂದ ಅವು ಬೆರೆತುಬಿಡಬಹುದು. ಹಾಗಾಗಿ ಒಂದು ಊರಿನ ನೀರಿನಲ್ಲಿ ಯಾವ ಕಾಲಕ್ಕೆ ಯಾವ ಡಯಾಟಮ್ ಎಷ್ಟಿರುತ್ತದೆ ಎಂಬ ವಿಶ್ವಾಸಾರ್ಹ ಪಟ್ಟಿ ಇದ್ದರೆ ಪರಿಣತರ ಕೈ ಬಲವಾಗುತ್ತದೆ. ಆ ಪಟ್ಟಿ ಮಾಡಲು ಮೃತದೇಹ ಬೇಡ, ಪ್ರಕರಣ ಬೇಡ. ಬೇಕಾದದ್ದು ನೀರು, ಸೂಕ್ಷ್ಮದರ್ಶಕ ಮತ್ತು ತಾಳ್ಮೆ. ಎಚ್. ಪಿ. ಗಾಂಧಿ ಎಂಬ ವಿಜ್ಞಾನಿ ಹಲವು ದಶಕಗಳ ಹಿಂದೆಯೇ ಧಾರವಾಡದ ಸುತ್ತಿನ ಮತ್ತು ಜೋಗ ಜಲಪಾತದ ಡಯಾಟಮ್‌ಗಳನ್ನು ಅಧ್ಯಯನ ಮಾಡಿ ಲೇಖನಗಳನ್ನು ಪ್ರಕಟಿಸಿದ್ದರು. ಆ ದಾರಿಯಲ್ಲಿ ಮುಂದೆ ನಡೆಯುವವರು ಬೇಕು.

ತುಮಕೂರು ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷವಾದ ಅವಕಾಶವಿದೆ. ಇಲ್ಲಿನ ಕೆಲವು ಕೆರೆಗಳಿಗೆ ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಹೇಮಾವತಿ ನಾಲೆಯ ನೀರು ಬರುತ್ತದೆ. ಕೆಲವು ಕೆರೆಗಳು ಮಳೆಯನ್ನೇ ನಂಬಿವೆ. ಕೃಷಿಹೊಂಡಗಳಲ್ಲಿ ಕೆಲವಕ್ಕೆ ಕೊಳವೆಬಾವಿಯ ನೀರು. ಈ ಮೂರರ ಡಯಾಟಮ್‌ಗಳು ಒಂದೇ ತೆರನಾಗಿವೆಯೇ? ಬೇರೆಯಾಗಿದ್ದರೆ, ನೀರಿನ ಮಾದರಿಯನ್ನು ನೋಡಿ ಇದು ಇಂಥ ಕೆರೆಯದು ಎಂದು ಹೇಳಲು ಬರುತ್ತದೆಯೇ? ಇದು ಪದವಿ ಮಟ್ಟದಲ್ಲಿ ಎತ್ತಬಹುದಾದ ಒಳ್ಳೆಯ ಪ್ರಶ್ನೆ. ನಿಮ್ಮೂರ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಹಿರಿಯರಿಂದಲೂ ನೀರಾವರಿ ಇಲಾಖೆಯಿಂದಲೂ ಮೊದಲು ತಿಳಿದುಕೊಳ್ಳಿ.

ಈಗ ಲೆಕ್ಕ. ಐದು ಕೆರೆ, ವರ್ಷದಲ್ಲಿ ಮೂರು ಕಾಲ, ಪ್ರತಿ ಸಲ ಮೂರು ಬಾಟಲಿ ಎಂದರೆ 45 ಮಾದರಿಗಳು. ಪ್ರತಿ ಮಾದರಿಯಲ್ಲೂ 400 ಚಿಪ್ಪುಗಳನ್ನು ಎಣಿಸಿದರೆ ಒಟ್ಟು 18,000. ಪಾಠ, ಪರೀಕ್ಷೆಗಳ ನಡುವೆ ಒಬ್ಬರಿಗೆ ಇದು ಹೊರೆ. ಒಂದು ಮಳೆಯಾಧಾರಿತ ಕೆರೆ, ಒಂದು ನಾಲೆಯ ಕೆರೆ, ಒಂದು ಕೃಷಿಹೊಂಡ ಇಷ್ಟಕ್ಕೆ ಇಳಿಸಿ. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಕೆರೆ ತುಂಬಿದ ಮೇಲೆ ಒಮ್ಮೆ ನೀರು ತನ್ನಿ. ಆಗ 18 ಮಾದರಿ, 7,200 ಚಿಪ್ಪು. ಇದು ಮಾಡಿ ಮುಗಿಸಬಹುದಾದ ಕೆಲಸ. ಅರ್ಧಕ್ಕೆ ನಿಂತ ದೊಡ್ಡ ಪ್ರಾಜೆಕ್ಟಿಗಿಂತ ಮುಗಿದ ಚಿಕ್ಕ ಪ್ರಾಜೆಕ್ಟ್ ಮೇಲು.

ನೀರು ತರಲು ಒಬ್ಬರೇ ಹೋಗಬೇಡಿ. ಹೊಂಡದ ಅಂಚಿಗೆ ಇಳಿಯಬೇಡಿ. ದೂರದಿಂದ ಹಗ್ಗ ಕಟ್ಟಿದ ಬಾಟಲಿ ಎಸೆದು ನೀರು ತುಂಬಿಕೊಳ್ಳಿ. ಹೊಂಡದ ಮಾಲೀಕರ ಅನುಮತಿ ಕೇಳಿ. ಬಾಟಲಿಯ ಮೇಲೆ ಸ್ಥಳ, ದಿನಾಂಕ, ಗಂಟೆ, ತಂದವರ ಸಹಿ ಇವನ್ನು ಅಲ್ಲೇ ಬರೆಯಿರಿ, ಮನೆಗೆ ಬಂದು ಬರೆಯುವುದು ಬೇಡ. ಪ್ರಯೋಗಾಲಯದಲ್ಲಿ ಚಿಪ್ಪಿನೊಳಗಿನ ಜೈವಿಕ ವಸ್ತುವನ್ನು ಕಳೆಯಲು ಪ್ರಬಲ ನೈಟ್ರಿಕ್ ಆಮ್ಲವನ್ನೋ ಹೈಡ್ರೋಜನ್ ಪೆರಾಕ್ಸೈಡನ್ನೋ ಬಳಸುತ್ತಾರೆ. ಎರಡೂ ಚರ್ಮವನ್ನು ಸುಡುವಂಥವು. ಹೊಗೆ ಎಳೆಯುವ ಕಪಾಟಿನಲ್ಲಿ, ಕನ್ನಡಕ, ಕೈಚೀಲ ಹಾಕಿಕೊಂಡು, ಅಧ್ಯಾಪಕರ ಸಮ್ಮುಖದಲ್ಲೇ ಮಾಡಬೇಕು. ಮನೆಯ ಅಡುಗೆಮನೆಯಲ್ಲಿ ಖಂಡಿತ ಬೇಡ. ಆಮೇಲೆ ಶುದ್ಧ ನೀರಿನಲ್ಲಿ ಹಲವು ಬಾರಿ ತೊಳೆದು, ಗಾಜಿನ ಸ್ಲೈಡಿನ ಮೇಲೆ ಒಣಗಿಸಿ ನೋಡುವುದು.

ಪ್ರತಿ ಸಲವೂ ಒಂದು ಬಾಟಲಿ ಬರೀ ಭಟ್ಟಿ ಇಳಿಸಿದ ನೀರನ್ನು ಕೆರೆಯ ನೀರಿನಂತೆಯೇ ಎಲ್ಲ ಹಂತಗಳಿಗೂ ಒಳಪಡಿಸಿ. ಅದರಲ್ಲಿ ಡಯಾಟಮ್ ಕಂಡರೆ ಅದು ಕೆರೆಯಿಂದ ಬಂದದ್ದಲ್ಲ, ನಿಮ್ಮ ಪಾತ್ರೆಯಿಂದ ಬಂದದ್ದು. ಈ ಖಾಲಿ ಮಾದರಿಯೇ ನಿಮ್ಮ ಕೆಲಸದ ಪ್ರಾಮಾಣಿಕ ಸಾಕ್ಷಿ.

ಕೊನೆಯಲ್ಲಿ ಒಂದು ಸ್ವಪರೀಕ್ಷೆ. ಸ್ನೇಹಿತರೊಬ್ಬರು ಆ ಮೂರು ಸ್ಥಳಗಳಿಂದ ಹತ್ತು ಬಾಟಲಿ ತಂದು, ಯಾವುದು ಎಲ್ಲಿಯದೆಂದು ಹೇಳದೆ ನಿಮಗೆ ಕೊಡಲಿ. ನಿಮ್ಮ ಪಟ್ಟಿಯ ಆಧಾರದ ಮೇಲೆ ಗುರುತಿಸಿ. ಕಣ್ಣುಮುಚ್ಚಿ ಹೇಳಿದರೂ ಹತ್ತರಲ್ಲಿ ಮೂರೋ ನಾಲ್ಕೋ ಸರಿಯಾಗಬಹುದು. ನೀವು ನಾಲ್ಕು ಮಾತ್ರ ಸರಿಯಾಗಿ ಹೇಳಿದರೆ ವಿಧಾನ ಕೆಲಸ ಮಾಡುತ್ತಿಲ್ಲ ಎಂದೇ ಬರೆಯಿರಿ. ಅದೂ ಒಂದು ಫಲಿತಾಂಶವೇ.

ತಪ್ಪಿನ ಬೆಲೆ

ಇಷ್ಟೊಂದು ನಿಷ್ಠುರತೆ ಏಕೆ ಎಂದು ನಿಮಗೆ ಅನಿಸಬಹುದು. ಈ ವಿಜ್ಞಾನದಲ್ಲಿ ತಪ್ಪಿದರೆ ಪರೀಕ್ಷೆಯ ಅಂಕ ಹೋಗುವುದಿಲ್ಲ, ಮನುಷ್ಯನ ಸ್ವಾತಂತ್ರ್ಯವೇ ಹೋಗುತ್ತದೆ. 2004ರ ಮಾರ್ಚ್‌ನಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸ್ಫೋಟವಾಯಿತು. ಒಂದು ಪ್ಲಾಸ್ಟಿಕ್ ಚೀಲದ ಮೇಲಿನ ಬೆರಳಚ್ಚು ಬ್ರ್ಯಾಂಡನ್ ಮೇಫೀಲ್ಡ್ ಎಂಬ ಅಮೆರಿಕದ ವಕೀಲನದೆಂದು ಅಲ್ಲಿನ ಎಫ್.ಬಿ.ಐ. ಪರಿಣತರು ಹೇಳಿದರು. ಅವನನ್ನು ಎರಡು ವಾರ ಬಂಧನದಲ್ಲಿಡಲಾಯಿತು. ಆ ಅಚ್ಚು ಬೇರೊಬ್ಬನದೆಂದು ಸ್ಪೇನಿನ ಪೊಲೀಸರು ತೋರಿಸಿಕೊಟ್ಟ ಮೇಲೆ ಎಫ್.ಬಿ.ಐ. ಕ್ಷಮೆ ಕೇಳಿತು. 2015ರಲ್ಲಿ ಅದೇ ಸಂಸ್ಥೆ ತನ್ನ ಹಳೆಯ ಕೂದಲು ಹೋಲಿಕೆಯ ಸಾಕ್ಷ್ಯಗಳನ್ನು ಪರಿಶೀಲಿಸಿದಾಗ, ನೋಡಿದ ವಿಚಾರಣೆಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವುಗಳಲ್ಲಿ ಪರಿಣತರು ವಿಜ್ಞಾನಕ್ಕೆ ಮೀರಿದ ಮಾತು ಆಡಿದ್ದು ಕಂಡುಬಂತು. ಉಪಕರಣ ಕೆಟ್ಟಿರಲಿಲ್ಲ. ಕಂಡದ್ದಕ್ಕಿಂತ ಹೆಚ್ಚು ಹೇಳಿದ್ದೇ ದೋಷ.

ಆದ್ದರಿಂದ ನಿಮ್ಮ ವರದಿಯಲ್ಲಿ "ಸಾಬೀತಾಯಿತು" ಎಂಬ ಪದ ಬರೆಯುವ ಮೊದಲು ಎರಡು ಬಾರಿ ಯೋಚಿಸಿ. "ನಮ್ಮ ಈ 18 ಮಾದರಿಗಳಲ್ಲಿ ಹೀಗೆ ಕಂಡಿತು" ಎಂದು ಬರೆಯುವುದು ಸಣ್ಣತನವಲ್ಲ, ಅದೇ ವಿಜ್ಞಾನ. ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ದಿನಾಂಕ ಹಾಕಿ. ಹಾಳೆ ಹರಿಯಬೇಡಿ. ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕ್ಯಾಮೆರಾವನ್ನು ವಸ್ತುವಿಗೆ ನೇರವಾಗಿ ಹಿಡಿಯಿರಿ. ಓರೆಯಾಗಿ ತೆಗೆದ ಚಿತ್ರ ನೋಡಲು ಚೆಂದ, ಅಳೆಯಲು ನಿರುಪಯೋಗಿ.

ಕಾನೂನಿನ ಮಾತೂ ಸ್ವಲ್ಪ ತಿಳಿದಿರಲಿ. ಪರಿಣತರ ಅಭಿಪ್ರಾಯವನ್ನು ನ್ಯಾಯಾಲಯ ಪರಿಗಣಿಸಬಹುದು ಎಂಬ ವಿಧಿ 1872ರ ಸಾಕ್ಷ್ಯ ಅಧಿನಿಯಮದ 45ನೆಯ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 39ನೆಯ ಸೆಕ್ಷನ್. ಅದೇ ದಿನ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೆಯ ವಿಧಿಯು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಗೆ ಅರ್ಹವಾದ ಅಪರಾಧಗಳಲ್ಲಿ ವಿಧಿವಿಜ್ಞಾನದ ಪರಿಣತರು ಸ್ಥಳಕ್ಕೆ ಭೇಟಿ ನೀಡಬೇಕೆನ್ನುತ್ತದೆ. ಇದನ್ನು ಜಾರಿಗೆ ತರುವ ದಿನವನ್ನು ಐದು ವರ್ಷಗಳೊಳಗೆ ಅಧಿಸೂಚಿಸುವ ಹೊಣೆ ರಾಜ್ಯ ಸರ್ಕಾರಗಳದು. ಅಂದರೆ ತರಬೇತಿ ಪಡೆದವರ ಅಗತ್ಯ ಹೆಚ್ಚುತ್ತದೆ. ಹಾಗೆಯೇ ವಿಜ್ಞಾನದ ಹೆಸರಿನಲ್ಲಿ ಎಲ್ಲವೂ ನಡೆಯದು ಎಂಬುದನ್ನೂ ನೆನಪಿಡಿ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರಂದು ತೀರ್ಪು ನೀಡಿತು.

ಮುಂದಿನ ದಾರಿ

ಅಡಿಕೆ, ಕೆರೆ ಎರಡೂ ನಿಮಗೆ ಒಗ್ಗದಿದ್ದರೆ ಬೇರೆ ಪ್ರಶ್ನೆಗಳಿವೆ. ತೋಟದ ಮಣ್ಣು, ರಾಗಿ ಹೊಲದ ಕೆಂಪುಮಣ್ಣು, ಕೆರೆಗೋಡು ಇವುಗಳ ಬಣ್ಣ ಮತ್ತು ಕಣಗಾತ್ರದ ಹೋಲಿಕೆ ಭೂವಿಜ್ಞಾನದವರಿಗೆ. ಬಾಲ್‌ಪೆನ್ನಿನ ಶಾಯಿಗಳನ್ನು ವರ್ಣರೇಖನದಿಂದ ಬೇರ್ಪಡಿಸುವುದು ರಸಾಯನವಿಜ್ಞಾನದವರಿಗೆ. ನೆರಳಿನ ತೋಟದಲ್ಲೂ ಬಿಸಿಲಿನ ಬಯಲಲ್ಲೂ ಇಟ್ಟ ಕೋಳಿ ಮಾಂಸದ ತುಂಡಿಗೆ ಯಾವ ನೊಣ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಪ್ರಾಣಿವಿಜ್ಞಾನದವರಿಗೆ. ಯಾವುದನ್ನೇ ಆರಿಸಿಕೊಳ್ಳಿ, ಹೋಲಿಕೆ, ಖಾಲಿ ಮಾದರಿ, ಗುರುತು ಮರೆಸಿದ ಅಂಕ ಈ ಮೂರನ್ನು ಬಿಡಬೇಡಿ.

ಆರು ತಿಂಗಳನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ತಿಂಗಳು ಓದು ಮತ್ತು ಅನುಮತಿ. ಎರಡನೆಯ ತಿಂಗಳು ನಾಲ್ಕೈದು ಮಾದರಿಗಳಲ್ಲಿ ಸಣ್ಣ ಪೂರ್ವಪ್ರಯೋಗ. ಮೂರು, ನಾಲ್ಕು ಮುಖ್ಯ ಕೆಲಸ. ಐದನೆಯದು ಲೆಕ್ಕ. ಆರನೆಯದು ಬರವಣಿಗೆ. ಕೆರೆಯ ಪ್ರಾಜೆಕ್ಟಿಗೆ ಮಾತ್ರ ಎರಡು ಕಾಲ ಬೇಕಾದ್ದರಿಂದ, ಮೊದಲ ನೀರನ್ನು ಬೇಸಿಗೆ ರಜೆಯಲ್ಲೇ ತಂದಿಟ್ಟುಕೊಳ್ಳಬೇಕು.

ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದವರಿಗೆ ಪ್ರಾಂಶುಪಾಲರ ಮೂಲಕವೇ ಪತ್ರ ಬರೆಯಿರಿ. ಅವರ ಮೇಲೆ ಪ್ರಕರಣಗಳ ಹೊರೆ ಇದೆ. ನಿಮ್ಮ ಪ್ರಶ್ನೆ ಚಿಕ್ಕದಾಗಿ, ಸ್ಪಷ್ಟವಾಗಿ ಇರಲಿ. ಮುಂದೆ ಓದಬಯಸುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವಿದೆ. 2020ರ ಕಾಯ್ದೆಯಂತೆ ಸ್ಥಾಪಿತವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಡನೆ ನಡೆಸಿಕೊಂಡು ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಪದವಿ ವಿದ್ಯಾರ್ಥಿಗಳಿಗೂ ತೆರೆದದ್ದು. ಅಲ್ಲಿಗೆ ಅರ್ಜಿ ಹಾಕುವಾಗ, ಸ್ವಂತವಾಗಿ ಮಾಡಿ ಮುಗಿಸಿದ ಒಂದು ಸಣ್ಣ ಕೆಲಸ ನಿಮ್ಮ ಪರವಾಗಿ ಮಾತಾಡುತ್ತದೆ.

ಕೆಲಸ ಮುಗಿದ ಮೇಲೆ ಇನ್ನೊಂದು ಋಣ ಉಳಿಯುತ್ತದೆ. ಬೆರಳು ಕೊಟ್ಟ ಅಡಿಕೆ ಸುಲಿಯುವವರಿಗೆ, ಹೊಂಡ ತೋರಿಸಿದ ರೈತರಿಗೆ, ಕಂಡದ್ದನ್ನು ಕನ್ನಡದಲ್ಲಿ, ಒಂದು ಪುಟದಲ್ಲಿ ತಿಳಿಸಿ ಬನ್ನಿ. ಇಂಗ್ಲಿಷಿನ ವರದಿ ಕಾಲೇಜಿನ ಕಪಾಟಿನಲ್ಲಿರಲಿ. ಯಾವ ಬೆರಳನ್ನು ಯಂತ್ರಕ್ಕೆ ಇಟ್ಟರೆ ಅಚ್ಚು ಬೇಗ ಮೂಡೀತು ಎಂಬ ತಿಳಿವಳಿಕೆ ಪಡಿತರದ ಸಾಲಿನಲ್ಲಿ ನಿಂತವರಿಗೆ ಬೇಕು.